ಪ್ಯಾಸೆಂಜರ್ ಡಬ್ಬಿ ಹಳಿ ತಪ್ಪುತ್ತಿದೆಯೇ? ತೂಕ, ಗಾಲಿ, ಕಪ್ಲರ್, ತಿರುವು: ಮೊದಲು ಯಾವುದಕ್ಕೆ ಕೈ ಹಾಕಬೇಕು

ಮನೆಯಲ್ಲಿ ಓಡಿಸುವ ಮಾದರಿ ರೈಲಿನ (ಮಾಡೆಲ್ ರೈಲ್ವೆಯ) ಮಾತಿದು. ಗೂಡ್ಸ್ ಗಾಡಿ ಗಂಟೆಗಟ್ಟಲೆ ಸಲೀಸಾಗಿ ಸುತ್ತುವ ಹಳಿಯ ಮೇಲೇ ಪ್ಯಾಸೆಂಜರ್ ರೇಕ್ (ಒಂದಕ್ಕೊಂದು ಕೂಡಿಸಿದ ಡಬ್ಬಿಗಳ ಸಾಲು) ಇಟ್ಟು ನೋಡಿ. ಎರಡನೇ ಸುತ್ತಿಗೋ ಮೂರನೇ ಸುತ್ತಿಗೋ ನಡುವಿನ ಒಂದು ಡಬ್ಬಿ ಮಗ್ಗುಲಿಗೆ ಬಿದ್ದಿರುತ್ತದೆ. ಸಲಹೆಗೇನೂ ಬರವಿಲ್ಲ. ತೂಕ ಹಾಕಿ ಅನ್ನುವವರಿದ್ದಾರೆ, ಲೋಹದ ಗಾಲಿ ಹಾಕಿ ಅನ್ನುವವರಿದ್ದಾರೆ, ಕಪ್ಲರ್ (ಡಬ್ಬಿಗಳನ್ನು ಕೂಡಿಸುವ ಕೊಂಡಿ) ಬದಲಿಸಿ ಅನ್ನುವವರೂ ತಿರುವನ್ನೇ ಕಿತ್ತು ಹೊಸದಾಗಿ ಹಾಸಿ ಅನ್ನುವವರೂ ಇದ್ದಾರೆ. ಯಾರ ಮಾತೂ ಸುಳ್ಳಲ್ಲ. ಆದರೆ ಇವೆಲ್ಲ ಬೇರೆ ಬೇರೆ ರೋಗಗಳ ಮದ್ದು. ರೋಗ ಗೊತ್ತಿಲ್ಲದೆ ಹತ್ತು ಡಬ್ಬಿಗೆ ನಲವತ್ತು ಅಚ್ಚು (ಎರಡು ಗಾಲಿ ಕೂಡಿಸಿದ ಆಕ್ಸಲ್) ತರಿಸಿಕೊಂಡರೆ ದುಡ್ಡು ಹೋಗುತ್ತದೆ, ಡಬ್ಬಿ ಮತ್ತೆ ಅಲ್ಲೇ ಬೀಳುತ್ತದೆ.

ಇಲ್ಲಿರುವ ಲೆಕ್ಕವೆಲ್ಲ ಎಚ್‌ಓ ಅಳತೆಯದು, ಅಂದರೆ 1:87, ಹಳಿಯ ಅಗಲ 16.5 ಮಿ.ಮೀ. ಇನ್ನೊಂದು ಮಾತು: ನಾವು ಇಡೀ ಡಬ್ಬಿಗೇ ‘ಬೋಗಿ’ ಅಂದುಬಿಡುತ್ತೇವೆ. ಈ ಬರಹದಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ತಿರುಗುವ, ನಾಲ್ಕು ಗಾಲಿಯ ಚೌಕಟ್ಟು ಮಾತ್ರ.

ಪ್ಯಾಸೆಂಜರ್ ಡಬ್ಬಿಯೇ ಏಕೆ?

ಉದ್ದ. ಐಸಿಎಫ್ (ಭಾರತೀಯ ರೈಲ್ವೆಯ ಹಳೆ ಮಾದರಿ) ಡಬ್ಬಿಯ ಒಡಲು 21.337 ಮೀಟರ್, ಎಚ್‌ಓನಲ್ಲಿ 245 ಮಿ.ಮೀ. ಎಲ್‌ಎಚ್‌ಬಿ (ಹೊಸ ಮಾದರಿ) 23.54 ಮೀಟರ್, ಅಂದರೆ 270 ಮಿ.ಮೀ. ಅಮೆರಿಕದ 85 ಅಡಿ ಡಬ್ಬಿ 298, ಯುರೋಪಿನ 26.4 ಮೀಟರ್ ಡಬ್ಬಿ 303 ಮಿ.ಮೀ.

ಉದ್ದಕ್ಕಿಂತ ಹೆಚ್ಚು ಕಾಟ ಕೊಡುವುದು ಬೋಗಿಯಿಂದಾಚೆ ಚಾಚಿಕೊಂಡ ತುದಿ. ಐಸಿಎಫ್‌ನ ಎರಡು ಬೋಗಿಗಳ ನಡುವಿನ ದೂರ 14.783 ಮೀಟರ್, ಎಲ್‌ಎಚ್‌ಬಿಯದು 14.9. ಎರಡೂ ಹೆಚ್ಚುಕಡಿಮೆ ಒಂದೇ. ಎಲ್‌ಎಚ್‌ಬಿಯ ಹೆಚ್ಚುವರಿ ಉದ್ದವೆಲ್ಲ ತುದಿಗಳಿಗೇ ಹೋಗಿದೆ ಎಂದಾಯಿತು. 457 ಮಿ.ಮೀ. (18 ಇಂಚು) ರೇಡಿಯಸ್ಸಿನ ತಿರುವಿನಲ್ಲಿ ಐಸಿಎಫ್ ಮಾದರಿಯ ತುದಿ ಹಳಿಯ ನಡುಗೆರೆಯಿಂದ 8.4 ಮಿ.ಮೀ. ಹೊರಗೆ ಸರಿಯುತ್ತದೆ, ಎಲ್‌ಎಚ್‌ಬಿಯದು ಸುಮಾರು 12 ಮಿ.ಮೀ. ಅದೇ ಎಲ್‌ಎಚ್‌ಬಿ 762 ಮಿ.ಮೀ. (30 ಇಂಚು) ತಿರುವಿನಲ್ಲಿ ಸರಿಯುವುದು 7 ಮಿ.ಮೀ. ಮಾತ್ರ. ಕಪ್ಲರ್ ಇರುವುದು ಈ ತುದಿಯಲ್ಲೇ ಆದ್ದರಿಂದ ಈ ಅಂಕಿಗಳು ಮುಂದೆ ಮತ್ತೆ ಬೇಕಾಗುತ್ತವೆ.

ಯಾವುದನ್ನು ನೋಡಿ ಆರಿಸಬೇಕು

ಪ್ರತಿ ಉಪಾಯವನ್ನೂ ಐದು ಪ್ರಶ್ನೆ ಕೇಳಿ ತೂಗಿದ್ದೇವೆ. ಯಾವ ಬಗೆಯ ಬೀಳುವಿಕೆಗೆ ಇದು ಮದ್ದು? ಖರ್ಚು ಒಂದು ಸಲದ್ದೋ, ಡಬ್ಬಿಗಳ ಸಂಖ್ಯೆಯಿಂದ ಗುಣಿಸಬೇಕಾದದ್ದೋ? ಬೇಡವೆನಿಸಿದರೆ ಹಿಂದಕ್ಕೆ ತರಬಹುದೇ? ಎಂಜಿನ್‌ಗೆ ಎಷ್ಟು ಹೊರೆ? ನೋಟ ಕೆಡುತ್ತದೆಯೇ?

ಮೊದಲನೇ ಪ್ರಶ್ನೆಗೆ ಉತ್ತರ ಸಿಗದೆ ಉಳಿದ ನಾಲ್ಕು ಕೇಳಿ ಉಪಯೋಗವಿಲ್ಲ. ಅದಕ್ಕೆ ಬೇಕಾದ್ದು ಒಂದು ಸೀಮೆಸುಣ್ಣ ಮತ್ತು ಅರ್ಧ ಗಂಟೆ. ಡಬ್ಬಿ ಬಿದ್ದ ಜಾಗವಲ್ಲ, ಮೊದಲ ಗಾಲಿ ಹಳಿ ಬಿಟ್ಟ ಜಾಗ ಹುಡುಕಿ ಗುರುತು ಹಾಕಿ. ಎರಡಕ್ಕೂ ಅರ್ಧ ಮೀಟರ್ ಅಂತರ ಇರಬಹುದು. ಸ್ಲೀಪರ್‌ಗಳ ಮೇಲೆ ಗಾಲಿ ಕೊರೆದ ಗೀರು ಎಲ್ಲಿ ಶುರುವಾಗಿದೆ ಎಂದು ಬೆಳಕು ಓರೆ ಹಿಡಿದು ನೋಡಿದರೆ ತಿಳಿಯುತ್ತದೆ. ಆಮೇಲೆ ಡಬ್ಬಿಗಳ ಕ್ರಮ ಬದಲಿಸಿ ಓಡಿಸಿ. ಬೇರೆ ಡಬ್ಬಿಯೂ ಅದೇ ಗುರುತಿನಲ್ಲಿ ಬಿದ್ದರೆ ತಪ್ಪು ಹಳಿಯದು. ಅದೇ ಡಬ್ಬಿ ಎಲ್ಲೆಂದರಲ್ಲಿ ಬಿದ್ದರೆ ತಪ್ಪು ಡಬ್ಬಿಯದು. ಅದನ್ನು ಹಿಂದುಮುಂದು ತಿರುಗಿಸಿ ಇಟ್ಟು, ಯಾವ ಬೋಗಿ ಎಂಬುದನ್ನೂ ಪತ್ತೆ ಮಾಡಿ. ಒಂಟಿಯಾಗಿ ಕೈಯಲ್ಲಿ ತಳ್ಳಿದಾಗ ಎಲ್ಲೂ ಬೀಳದೆ, ರೇಕ್‌ನಲ್ಲಿ ಸೇರಿಸಿದಾಗ ಮಾತ್ರ ಬಿದ್ದರೆ ಜಗಳ ಕಪ್ಲರ್‌ನದೋ ತೂಕದ್ದೋ. ಎಳೆಯುವಾಗ ಸರಿಯಿದ್ದು ಹಿಂದಕ್ಕೆ ತಳ್ಳುವಾಗ ಮಾತ್ರ ಬಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಪ್ಲರ್.

ತೂಕ: ಅಗ್ಗ, ಆದರೆ ಸರ್ವರೋಗಕ್ಕೆ ಮದ್ದಲ್ಲ

ಅಮೆರಿಕದ ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಸೂಚಿಸುವ ತೂಕ, ಎಚ್‌ಓಗೆ 1 ಔನ್ಸ್, ಜೊತೆಗೆ ಡಬ್ಬಿಯ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಲೆಕ್ಕದಲ್ಲಿ 28 ಗ್ರಾಂ, ಮೇಲೆ ಪ್ರತಿ ಸೆಂ.ಮೀ.ಗೆ 5.6 ಗ್ರಾಂ. ಐಸಿಎಫ್‌ಗೆ 165, ಎಲ್‌ಎಚ್‌ಬಿಗೆ 180, 85 ಅಡಿ ಡಬ್ಬಿಗೆ 195 ಗ್ರಾಂ ಆಸುಪಾಸು ಬರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಈ ಅಂಕಿಗೆ ಗ್ರಾಂ ಲೆಕ್ಕದಲ್ಲಿ ಅಂಟಿಕೊಳ್ಳಬೇಕಿಲ್ಲ. ಹತ್ತು ಗ್ರಾಂ ಹಗುರವಾದರೂ ಎಲ್ಲ ಡಬ್ಬಿಗಳೂ ಒಂದೇ ತೂಕ ಇರಲಿ, ಅದು ಮುಖ್ಯ. ಎಂಜಿನ್ ಹಿಂದೆಯೇ 110 ಗ್ರಾಂನ ಡಬ್ಬಿ, ಅದರ ಹಿಂದೆ 180 ಗ್ರಾಂನ ಎಂಟು ಇದ್ದರೆ ತಿರುವಿನಲ್ಲಿ ಆ ಹಗುರದ್ದು ಒಳಕ್ಕೆ ಎಳೆಸಿಕೊಂಡು ಮಗುಚುತ್ತದೆ. ದಾರ ಬಿಗಿಯಾದಾಗ ನೆಟ್ಟಗಾಗಲು ನೋಡುವ ಹಾಗೆ ರೇಕ್ ಕೂಡ ತಿರುವನ್ನು ಕತ್ತರಿಸಿ ನೆಟ್ಟಗಾಗಲು ನೋಡುತ್ತದೆ. ಕಡಿಮೆ ತೂಕದ ಡಬ್ಬಿಯನ್ನು ಸದ್ಯಕ್ಕೆ ಕೊನೆಗೆ ಕಟ್ಟಿದರೆ ಪುಕ್ಕಟೆ ಪರಿಹಾರ.

ತೂಕಕ್ಕೆ ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಬಳಸುವ, ಹಿಂಬದಿ ಅಂಟು ಇರುವ 5 ಮತ್ತು 10 ಗ್ರಾಂ ಪಟ್ಟಿಗಳಷ್ಟು ಅನುಕೂಲದ್ದು ಬೇರೆ ಇಲ್ಲ. ಕಬ್ಬಿಣದ್ದನ್ನೇ ಕೇಳಿ ತನ್ನಿ. ಸೀಸದ ಚೂರುಗಳನ್ನು ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಮುಳುಗಿಸಿ ಮುಚ್ಚಿದರೆ ಕೆಲವು ವರ್ಷದಲ್ಲಿ ಸೀಸ ಬಿಳಿ ಪುಡಿಯಾಗಿ ಉಬ್ಬಿ ಡಬ್ಬಿಯ ಒಡಲನ್ನೇ ಸೀಳಬಹುದು. ಪಟ್ಟಿಯನ್ನು ನೆಲದ ಮೇಲೆ, ಸೀಟುಗಳ ಅಡಿಯಲ್ಲಿ, ಎರಡೂ ಬೋಗಿಗೆ ಸಮನಾಗಿ ಹಂಚಿ ಅಂಟಿಸಿ. ಚಾವಣಿಗೆ ಅಂಟಿಸಿದ ತೂಕ ಡಬ್ಬಿಯನ್ನು ಇನ್ನಷ್ಟು ಬೀಳಿಸುತ್ತದೆ.

ಬೆಲೆ ತೆರುವುದು ಎಂಜಿನ್. 180 ಗ್ರಾಂನ ಹತ್ತು ಡಬ್ಬಿ ಎಂದರೆ 1.8 ಕಿಲೋ. ಮೀಟರಿಗೆ 2 ಸೆಂ.ಮೀ. ಏರುವ ಏರಿನಲ್ಲಿ ಅಷ್ಟು ತೂಕ ಹಿಂದಕ್ಕೆ ಜಗ್ಗುವ ಬಲವೇ 36 ಗ್ರಾಂ, ಗಾಲಿಯ ತಿಕ್ಕಾಟ ಬೇರೆ. 400 ಗ್ರಾಂನ ಎಂಜಿನ್ ಎಳೆಯಬಲ್ಲದ್ದು ತನ್ನ ತೂಕದ ಐದನೇ ಒಂದರಿಂದ ಕಾಲು ಭಾಗ, ಅಂದರೆ 80ರಿಂದ 100 ಗ್ರಾಂ. ಸಮತಟ್ಟು ಹಳಿಯಾದರೆ ಯೋಚನೆಯಿಲ್ಲ. ಏರು ಇದ್ದರೆ ತೂಕ ಹಾಕುವ ಮೊದಲು ಗಾಲಿ ನೋಡಿ.

ಗಾಲಿ ಮತ್ತು ಬೋಗಿ: ಕೊಳ್ಳುವ ಮೊದಲು ಅಳೆಯಿರಿ

ಅಚ್ಚಿನ ಎರಡು ಗಾಲಿಗಳ ಒಳಮೈಗಳ ನಡುವಿನ ಅಂತರ ಸುಮಾರು 14.4 ಮಿ.ಮೀ. ಇರಬೇಕು. ವರ್ನಿಯರ್ ಕ್ಯಾಲಿಪರ್ ಅಥವಾ ಎನ್‌ಎಂಆರ್‌ಎ ಗೇಜ್ ಪಟ್ಟಿಯಿಂದ ನೋಡಿ. 14 ಮಿ.ಮೀ.ಗೆ ಇಳಿದಿದ್ದರೆ ಪಾಯಿಂಟ್‌ಗಳ (ಹಳಿ ಕವಲೊಡೆಯುವ ಜಾಗದ) ಗಾರ್ಡ್ ರೈಲಿಗೆ (ಗಾಲಿಯನ್ನು ದಾರಿಯಲ್ಲಿ ಹಿಡಿಯುವ ಒಳಹಳಿಗೆ) ಸಿಕ್ಕಿಕೊಂಡು ಹಾರುತ್ತದೆ. ಮಾರ್ಕ್ಲಿನ್ ಕಂಪನಿಯ ಮೂರು ಹಳಿ ಪದ್ಧತಿಯ ಹಳೆ ಡಬ್ಬಿಗಳನ್ನು ಎರಡು ಹಳಿಗೆ ತಂದವರಿಗೆ ಇದು ಗೊತ್ತು. ಲೋಹದ ಅಚ್ಚಾದರೆ ಎರಡೂ ಗಾಲಿ ಹಿಡಿದು ತಿರುಗಿಸುತ್ತ ಎಳೆದರೆ ಸರಿಯುತ್ತದೆ. ಖರ್ಚು ಸೊನ್ನೆ.

ಗಾಲಿ ಬದಲಿಸಲೇಬೇಕಾದ ಪ್ರಸಂಗ ಎರಡು. ಒಂದು, ಹಳೆ ಲಿಮಾ ಕಂಪನಿಯ ಥರದ ಡಬ್ಬಿಗಳ ಆಳವಾದ ಫ್ಲ್ಯಾಂಜ್ (ಗಾಲಿಯ ಒಳಬದಿಯ ಚಾಚಿದ ಅಂಚು). ಈಗಿನ ಆರ್‌ಪಿ-25 (ಎನ್‌ಎಂಆರ್‌ಎ ಅಳತೆಯ) ಗಾಲಿಯ ಫ್ಲ್ಯಾಂಜ್ 0.64 ಮಿ.ಮೀ.; ಹಳೆಯದು ಅದಕ್ಕಿಂತ ಎಷ್ಟೋ ಆಳ. ಕೋಡ್ 100 ಹಳಿಯ ಮೇಲೆ (2.54 ಮಿ.ಮೀ. ಎತ್ತರ) ಅದು ಓಡುತ್ತದೆ, ಕೋಡ್ 75ರ ಮೇಲೆ (1.9 ಮಿ.ಮೀ.) ಹಳಿ ಹಿಡಿದ ಪ್ಲಾಸ್ಟಿಕ್ ಕೊಕ್ಕೆಗಳಿಗೆ ಬಡಿಯುತ್ತ ಟಕಟಕ ಎನ್ನುತ್ತದೆ. ಇನ್ನೊಂದು, ಪ್ಲಾಸ್ಟಿಕ್ ಗಾಲಿ ಓರೆಯಾಗಿ ಕುಳಿತು ಓಲಾಡುವುದು. ಬೋಗಿಯನ್ನು ತಲೆಕೆಳಗೆ ಹಿಡಿದು ಬೆರಳಿನಿಂದ ಗಾಲಿ ತಿರುಗಿಸಿದರೆ ಓಲಾಟ ಕಣ್ಣಿಗೇ ಬೀಳುತ್ತದೆ.

ತರಿಸುವಾಗ ಎರಡು ಅಳತೆ ಕೊಡಿ. ವ್ಯಾಸ: ಐಸಿಎಫ್, ಎಲ್‌ಎಚ್‌ಬಿಗಳ 915 ಮಿ.ಮೀ. ಗಾಲಿಗೂ ಅಮೆರಿಕದ 36 ಇಂಚಿನ ಪ್ಯಾಸೆಂಜರ್ ಗಾಲಿಗೂ ಎಚ್‌ಓನಲ್ಲಿ 10.5 ಮಿ.ಮೀ. ಸರಿ. ಗೂಡ್ಸ್ ಡಬ್ಬಿಯ 33 ಇಂಚಿನದು (9.6 ಮಿ.ಮೀ.) ಹಾಕಿದರೆ ಡಬ್ಬಿ ತಗ್ಗಿ ಕಪ್ಲರ್ ಎತ್ತರ ಕೆಡುತ್ತದೆ. ಅಚ್ಚಿನ ತುದಿಯಿಂದ ತುದಿಗೆ ಉದ್ದ: ಇದು ತಯಾರಕರಿಂದ ತಯಾರಕರಿಗೆ 24.5ರಿಂದ 26 ಮಿ.ಮೀ.ವರೆಗೆ ಬದಲಾಗುತ್ತದೆ. ಅರ್ಧ ಮಿ.ಮೀ. ಉದ್ದವಾದರೆ ಬೋಗಿ ಬಿಗಿದು ಗಾಲಿ ತಿರುಗದು, ಗಿಡ್ಡವಾದರೆ ಅಚ್ಚು ಓರೆಯಾಗಿ ತಾನೇ ಹಳಿ ಹತ್ತುತ್ತದೆ. ಹೊಂದುವ ಲೋಹದ ಗಾಲಿ ಸಿಕ್ಕರೆ ಮೀಟರಿಗೆ 2 ಸೆಂ.ಮೀ. ಇಳಿಜಾರಿನಲ್ಲಿ ಡಬ್ಬಿ ಕೈ ಬಿಟ್ಟ ಕೂಡಲೇ ತಾನಾಗಿ ಹೊರಡಬೇಕು.

ಹತ್ತು ಡಬ್ಬಿಗೆ ನಲವತ್ತು ಅಚ್ಚು, ಅದೂ ಹೊರದೇಶದಿಂದ ಬರುವಂಥದ್ದು. ಅದಕ್ಕೇ ಅದಕ್ಕಿಂತ ಮೊದಲು ಸ್ಕ್ರೂಡ್ರೈವರ್ ಎತ್ತಿಕೊಳ್ಳಿ. ಬೋಗಿಯ ಸ್ಕ್ರೂ ಎರಡೂ ಕಡೆ ಬಿಗಿಯಾಗಿರುವುದೇ ಹೊಸ ಡಬ್ಬಿಗಳು ಬೀಳುವ ದೊಡ್ಡ ಕಾರಣ. ನಾಲ್ಕು ಕಾಲಿನ ಸ್ಟೂಲು ಕುಂಟುತ್ತದೆ, ಮೂರು ಕಾಲಿನದು ಕುಂಟುವುದಿಲ್ಲ, ಡಬ್ಬಿಯೂ ಹಾಗೆ. ಒಂದು ಬೋಗಿಯನ್ನು ಪೂರ್ತಿ ಬಿಗಿದು ಕಾಲು ಸುತ್ತು ಸಡಿಲಿಸಿ, ಅದು ಎಡಬಲ ತಿರುಗಲಿ, ಪಕ್ಕಕ್ಕೆ ವಾಲದಿರಲಿ. ಇನ್ನೊಂದನ್ನು ಮುಕ್ಕಾಲರಿಂದ ಒಂದು ಸುತ್ತು ಸಡಿಲಿಸಿ, ಅದು ಎಲ್ಲ ಕಡೆಗೂ ವಾಲಲಿ. ಎರಡನ್ನೂ ಸಡಿಲಿಸಿದರೆ ಡಬ್ಬಿ ಕುಡಿದವರ ಹಾಗೆ ತೂಗಾಡುತ್ತದೆ.

ಒಳದೀಪ ಹಾಕಿದ ಡಬ್ಬಿಗಳಲ್ಲಿ ಗಾಲಿಯಿಂದ ಕರೆಂಟ್ ತರುವ ವೈರ್ ಗಡುಸಾಗಿದ್ದರೆ ಸ್ಪ್ರಿಂಗ್‌ನಂತೆ ಬೋಗಿಯನ್ನು ಒಂದೇ ಕಡೆ ಒತ್ತುತ್ತಿರುತ್ತದೆ. ಡಬ್ಬಿಯನ್ನು ಗಾಳಿಯಲ್ಲಿ ಎತ್ತಿ ಬೋಗಿ ತಿರುಗಿಸಿ ಬಿಡಿ. ತಾನಾಗಿ ಹಿಂದಕ್ಕೆ ಬಂದರೆ ವೈರ್ ಬದಲಿಸಿ, ಕೂದಲೆಳೆಯಂಥ ಮೆತ್ತನೆಯದನ್ನು ಸ್ಕ್ರೂ ಪಕ್ಕದಿಂದಲೇ ಮೇಲಕ್ಕೆ ಒಯ್ಯಿರಿ.

ಕಪ್ಲರ್: ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಆಯ್ಕೆ

ಇಲ್ಲಿ ದಾರಿ ಮೂರು: ಬೋಗಿಗೇ ಕೂಡಿಸಿದ ಕಪ್ಲರ್, ಡಬ್ಬಿಯ ಒಡಲಿಗೆ ಕೂಡಿಸಿದ್ದು, ಯುರೋಪಿನ ಕ್ಲೋಸ್ ಕಪ್ಲಿಂಗ್.

ಬೋಗಿಯ ಮೇಲಿನ ಕಪ್ಲರ್ ಹಳಿ ತಿರುಗಿದತ್ತ ತಿರುಗುತ್ತದೆ. ತುದಿ 12 ಮಿ.ಮೀ. ಹೊರಗೆ ಹೋದರೂ ಅದಕ್ಕೆ ಪರಿವೆಯಿಲ್ಲ. ಆದ್ದರಿಂದ 457, 559 ಮಿ.ಮೀ. ತಿರುವಿನಲ್ಲಿ ಇದೇ ಗೆಲ್ಲುತ್ತದೆ, ಬಹುತೇಕ ಅಗ್ಗದ ಡಬ್ಬಿಗಳು ಇದರೊಂದಿಗೇ ಬರುತ್ತವೆ. ತೊಂದರೆ ಹಿಂದಕ್ಕೆ ತಳ್ಳುವಾಗ. ತಳ್ಳಿದ ಬಲ ನೇರ ಬೋಗಿಗೆ ಬಡಿದು ಅದನ್ನು ಅಡ್ಡಕ್ಕೆ ತಿರುಗಿಸುತ್ತದೆ. ನಾಲ್ಕು ಡಬ್ಬಿ ತಳ್ಳಿದರೆ ತಾಳಿಕೊಳ್ಳುತ್ತದೆ, ಹತ್ತು ಡಬ್ಬಿ ಪಾಯಿಂಟ್ ಮೇಲೆ ತಳ್ಳಿದರೆ ಇಲ್ಲ. ಡಬ್ಬಿಗಳ ನಡುವೆ ಬೆರಳು ತೂರುವಷ್ಟು ಸಂದು ಉಳಿಯುವುದರಿಂದ ನೋಟವೂ ಅಷ್ಟಕ್ಕಷ್ಟೆ.

ಒಡಲಿಗೆ ಕೂಡಿಸಿದ್ದರಲ್ಲಿ ಎಳೆತ, ತಳ್ಳಾಟ ಎರಡೂ ಒಡಲಿನ ಮೂಲಕ ಹಾದುಹೋಗುತ್ತವೆ. ಬೋಗಿ ತನ್ನ ಪಾಡಿಗೆ ಹಳಿ ಹಿಡಿದು ಓಡುತ್ತದೆ. ಉದ್ದ ರೇಕ್‌ಗೆ, ಯಾರ್ಡ್‌ನಲ್ಲಿ ಹಿಂದೆಮುಂದೆ ಮಾಡುವವರಿಗೆ ಇದೇ ಸರಿ. ಆದರೆ ತಿರುವು ಸಣ್ಣದಾದರೆ ಇದೇ ಡಬ್ಬಿಯನ್ನು ಬೀಳಿಸುತ್ತದೆ. ಎಡಕ್ಕೆ ತಿರುಗಿ ಕೂಡಲೇ ಬಲಕ್ಕೆ ತಿರುಗುವ ಎಸ್ ತಿರುವು ತೆಗೆದುಕೊಳ್ಳಿ. 457 ಮಿ.ಮೀ.ನಲ್ಲಿ ಮುಂದಿನ ಎಲ್‌ಎಚ್‌ಬಿಯ ತುದಿ 12 ಮಿ.ಮೀ. ಒಂದು ಕಡೆಗೆ, ಹಿಂದಿನದರ ತುದಿ 12 ಮಿ.ಮೀ. ಇನ್ನೊಂದು ಕಡೆಗೆ, ನಡುವೆ ಅಡ್ಡಕ್ಕೆ 24 ಮಿ.ಮೀ. ಮಧ್ಯಮ ಉದ್ದದ ಎರಡು ಕಪ್ಲರ್ ಕೂಡಿಸಿದರೆ ಕೀಲಿನಿಂದ ಕೀಲಿಗೆ ಎರಡೂವರೆ ಸೆಂ.ಮೀ. ಮೀರುವುದಿಲ್ಲ. ಅಷ್ಟು ಗಿಡ್ಡ ಕೊಂಡಿ ಅಷ್ಟು ಅಡ್ಡಕ್ಕೆ ಚಾಚಲಾರದು. ಯಾವುದೋ ಒಂದು ಗಾಲಿ ಮೇಲೇಳಲೇಬೇಕು. ಇಲ್ಲಿ ಎಷ್ಟು ತೂಕ ಹಾಕಿದರೂ ವ್ಯರ್ಥ.

ನಮ್ಮ ತೀರ್ಮಾನ: ಅತಿ ಸಣ್ಣ ತಿರುವು 610 ಮಿ.ಮೀ.ಗಿಂತ ಕಡಿಮೆಯಿದ್ದರೆ ಬೋಗಿಯ ಕಪ್ಲರ್ ಬಿಡಬೇಡಿ. 750ರ ಮೇಲಿದ್ದರೆ ಕಣ್ಣು ಮುಚ್ಚಿ ಒಡಲಿಗೆ ಕೂಡಿಸಿ. ನಡುವಿನವರು ಕೇಡೀ ಕಂಪನಿಯ 146ರಂಥ ಉದ್ದ ಕತ್ತಿನ ಕಪ್ಲರ್ ಬಳಸಿ, ಪೆಟ್ಟಿಗೆಯ ಬಾಯಿ ಅಗಲಿಸಿ, ಮೊದಲು ಎರಡೇ ಡಬ್ಬಿಗೆ ಹಾಕಿ ಪರೀಕ್ಷಿಸಿ. ಒಂದೇ ರೇಕ್‌ನಲ್ಲಿ ಎರಡೂ ಬಗೆ ಬೆರೆಸುವುದು ಬೇಡ. ಒಡಲಿನ ಕಪ್ಲರ್ ಪಕ್ಕದ ಬೋಗಿಯನ್ನು ಅಡ್ಡಕ್ಕೆ ಎಳೆಯುತ್ತದೆ. ಯಾವುದೇ ಇರಲಿ, ಕೇಡೀ ಆದರೆ ಹಳಿಯ ಮೇಲ್ಮೈಯಿಂದ ಕಪ್ಲರ್ ನಡುವಿನವರೆಗೆ 9.9 ಮಿ.ಮೀ. ಇರಬೇಕು. ಕೆಳಗೆ ಇಳಿಬಿದ್ದ ಬಾಗಿದ ಕಡ್ಡಿ ಪಾಯಿಂಟ್‌ಗೆ ತಗುಲುತ್ತಿದ್ದರೆ ಅದೊಂದೇ ಸಾಕು ಡಬ್ಬಿ ಎಗರಲು.

ಮೂರನೆಯದು ಜಾಣತನದ್ದು. ನೇರ ಹಳಿಯಲ್ಲಿ ಡಬ್ಬಿಗಳು ಬಫರ್‌ಗೆ ಬಫರ್ ತಾಗಿಸಿ ನಿಲ್ಲುತ್ತವೆ, ತಿರುವಿಗೆ ಬಂದಾಗ ಅಡಿಯ ಜಾರುಕೀಲು ಅವನ್ನು ದೂರ ತಳ್ಳುತ್ತದೆ. ನೋಟಕ್ಕೂ ಓಟಕ್ಕೂ ಇದನ್ನು ಮೀರಿಸಿದ್ದಿಲ್ಲ. ಒಂದೇ ಷರತ್ತು: ಎರಡು ಕಪ್ಲರ್ ಸೇರಿ ಗಟ್ಟಿ ಸರಳಿನಂತಾಗಬೇಕು. ರೊಕೊ, ಫ್ಲೈಶ್‌ಮನ್, ಮಾರ್ಕ್ಲಿನ್‌ಗಳ ಕ್ಲೋಸ್ ಕಪ್ಲರ್ ತಲೆಗಳು ಹಾಗಾಗುತ್ತವೆ. ಅದೇ ಎನ್‌ಇಎಂ (ಯುರೋಪಿನ ಅಳತೆಯ) ಪಾಕೆಟ್‌ಗೆ, ಅಂದರೆ ಕಪ್ಲರ್ ತಲೆ ಸಿಕ್ಕಿಸುವ ಗೂಡಿಗೆ, ಕೇಡೀ 17ರಿಂದ 20ರವರೆಗಿನ ತಲೆ ಹಾಕಿದರೆ ಕೂಡಿದ ಜಾಗದಲ್ಲೇ ಮಡಚುತ್ತದೆ, ಜಾರುಕೀಲು ನೆಟ್ಟಗೆ ಕೆಲಸ ಮಾಡದು. ಎಳೆಯುವಾಗ ನಡೆದರೂ ತಳ್ಳುವಾಗ ಬಫರ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ರೇಕ್‌ನ ಎರಡು ಕೊನೆಗಳಿಗೆ ಮಾತ್ರ ಕೇಡೀ, ನಡುವೆಲ್ಲ ಕ್ಲೋಸ್ ಕಪ್ಲರ್ ಎನ್ನುವುದು ಒಳ್ಳೆಯ ರಾಜಿ.

ಡಬ್ಬಿಯಿಂದ ಡಬ್ಬಿಗೆ ದಾಟುವ ವೆಸ್ಟಿಬ್ಯೂಲ್‌ನ ರಬ್ಬರ್ ಗಡುಸಾಗಿದ್ದರೂ ತಿರುವಿನಲ್ಲಿ ಡಬ್ಬಿಗಳನ್ನು ಒಂದಕ್ಕೊಂದು ನೂಕುತ್ತದೆ. ತೆಗೆದು ಓಡಿಸಿ ನೋಡಿ. ಬೀಳದಿದ್ದರೆ 1 ಮಿ.ಮೀ. ಕತ್ತರಿಸಿ ಮತ್ತೆ ಹಾಕಿ.

ಹಳಿ ಮತ್ತು ತಿರುವು: ದುಬಾರಿ, ಆದರೆ ಎಲ್ಲ ಡಬ್ಬಿಗೂ ಒಂದೇ ಸಲ

ಹವ್ಯಾಸಿಗಳ ರೂಢಿಯ ಲೆಕ್ಕ: ರೇಡಿಯಸ್ ಡಬ್ಬಿಯ ಉದ್ದದ ಎರಡರಷ್ಟಿದ್ದರೆ ತಿದ್ದಿ ತೀಡಿ ಓಡಿಸಬಹುದು, ಎರಡೂವರೆಯಷ್ಟಿದ್ದರೆ ಒಂದೇ ಬಗೆಯ ಡಬ್ಬಿಗಳು ನಿರಾಳವಾಗಿ ಓಡುತ್ತವೆ, ಮೂರರಷ್ಟಿದ್ದರೆ ಗಿಡ್ಡ ಉದ್ದ ಬೆರೆಸಿದರೂ ನಡೆಯುತ್ತದೆ. ಐಸಿಎಫ್‌ಗೆ ಅದು 490, 612, 735 ಮಿ.ಮೀ.; ಎಲ್‌ಎಚ್‌ಬಿಗೆ 540, 675, 810. ಎಂಟು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ ಹಾಳೆಯ ಅಗಲ 1220 ಮಿ.ಮೀ. ಅಂಚು ಬಿಟ್ಟರೆ 560 ಮಿ.ಮೀ. ತಿರುವೇ ಕೊನೆ. ಹಾಳೆಯ ಮೇಲೆ ಸುತ್ತು ಹಾಕುವವರಿಗೆ ಎಲ್‌ಎಚ್‌ಬಿ ಯಾವತ್ತೂ ಎರಡರಷ್ಟರ ಗೆರೆಯ ಮೇಲೇ ಇರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಿ.

ಇಡೀ ತಿರುವು ಕೀಳುವ ಮೊದಲು ಸಣ್ಣ ರಿಪೇರಿಗಳಿವೆ. ಎಸ್ ತಿರುವಿನ ನಡುವೆ ಅತಿ ಉದ್ದದ ಡಬ್ಬಿಯಷ್ಟು ನೇರ ಹಳಿ ಸೇರಿಸುವುದು ಎಲ್ಲಕ್ಕಿಂತ ಲಾಭದ ಕೆಲಸ. ಎರಡು ಪಾಯಿಂಟ್ ಬೆನ್ನಿಗೆ ಬೆನ್ನು ಕೂಡಿಸಿದ ಕ್ರಾಸ್‌ಓವರ್ ಕೂಡ ಎಸ್ ತಿರುವೇ. ಅಲ್ಲಿ ಪೆಕೊ ಕಂಪನಿಯ ಸಣ್ಣ ಪಾಯಿಂಟ್ (610 ಮಿ.ಮೀ.) ತೆಗೆದು ದೊಡ್ಡದು (1524 ಮಿ.ಮೀ.) ಹಾಕಿದರೆ ಕಾಟ ಮುಗಿಯುತ್ತದೆ, ಬದಲಿಸುವುದು ಎರಡೇ ತುಂಡು. ಬೇಕಾದಂತೆ ಬಗ್ಗಿಸಬಹುದಾದ ಫ್ಲೆಕ್ಸ್ ಹಳಿಯನ್ನು ತಿರುವಿನ ನಡುವೆ ಕೂಡಿಸಿದಲ್ಲಿ ತುದಿಗಳು ನೆಟ್ಟಗಾಗಿ ಮೂಲೆ ಏಳುತ್ತದೆ. ಎರಡು ತುಂಡನ್ನು ನೇರವಾಗಿರುವಾಗಲೇ ಬೆಸೆದು ಆಮೇಲೆ ಬಗ್ಗಿಸಿ. ಹಳಿ ತುದಿಯ ಒಳಮೂಲೆಯನ್ನು ಸಣ್ಣ ಅರದಿಂದ ಎರಡು ಸಲ ಓರೆಯಾಗಿ ಉಜ್ಜಿ. ಬೆರಳುಗುರು ಎಡವಿದರೆ ಗಾಲಿಯೂ ಎಡವುತ್ತದೆ.

ಹಾಗೆಂದು ಎಲ್ಲ ಜೋಡಣೆಯನ್ನೂ ಬೆಸೆಯಬೇಡಿ. 3 ಮೀಟರ್ ಉದ್ದದ ನಿಕಲ್ ಸಿಲ್ವರ್ ಹಳಿ 20 ಡಿಗ್ರಿ ಬಿಸಿ ಏರಿದರೆ ಸುಮಾರು 1 ಮಿ.ಮೀ. ಹಿಗ್ಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಗೆ ನೇರ ಹಳಿಗಳಲ್ಲಿ ಸಂದು ಬಿಡಲೇಬೇಕು. ಕರಾವಳಿಯ ಮಳೆಗಾಲದಲ್ಲಿ ಉಬ್ಬುವುದು ಹಲಗೆ. ಪ್ಲೈವುಡ್‌ನ ಅಂಚಿಗೂ ಅಡಿಗೂ ಬಣ್ಣ ಬಳಿಯದಿದ್ದರೆ ಹಳಿ ಒಂದು ಮಗ್ಗುಲಿಗೆ ಏಳುತ್ತದೆ. ಹೊರಹಳಿ ಎತ್ತರಿಸಿ ಚಂದ ಕಾಣಿಸುವ ಆಸೆಯಿದ್ದರೆ ಅರ್ಧ ಮಿ.ಮೀ. ಸಾಕು. ಹೆಚ್ಚಾದರೆ ಉದ್ದ ರೇಕ್ ಒಳಕ್ಕೆ ಮಗುಚುವುದು ಸುಲಭವಾಗುತ್ತದೆ.

ಗಿಡ್ಡ ಡಬ್ಬಿ

ಯುರೋಪಿನ ತಯಾರಕರು 303 ಮಿ.ಮೀ. ಇರಬೇಕಾದದ್ದನ್ನು 282 ಅಥವಾ 264 ಮಿ.ಮೀ.ಗೆ ಇಳಿಸಿ ಮಾಡಿದ್ದಾರೆ. ಕಿಟಕಿಗಳ ನಡುವೆ ಅಲ್ಲಲ್ಲಿ ಕದ್ದಿರುತ್ತಾರೆ, ಓಡುವಾಗ ಗೊತ್ತಾಗುವುದಿಲ್ಲ. ಆದರೆ ಪೂರ್ತಿ ಉದ್ದದ್ದರ ಪಕ್ಕ ನಿಲ್ಲಿಸಿದರೆ ಕಣ್ಣಿಗೆ ಹೊಡೆಯುತ್ತದೆ. ಇನ್ನೂ ರೇಕ್ ಕೊಳ್ಳದವರಿಗೆ, ಜಾಗ ಇಲ್ಲದವರಿಗೆ ಇದು ಒಳ್ಳೆಯ ದಾರಿ. ಭಾರತೀಯ ರೇಕ್ ಬೇಕೆನ್ನುವವರಿಗೆ ಐಸಿಎಫ್ ತಾನೇ ಗಿಡ್ಡ ಆಯ್ಕೆ. ಅಮೆರಿಕದ ಹಳೆ ಕಾಲದ, ಬೋಗಿಗೆ ಆರು ಗಾಲಿಯ ಡಬ್ಬಿಗಳಿಂದ ಸಣ್ಣ ತಿರುವಿನವರು ದೂರವಿರಿ.

ನಿಮ್ಮದು ಯಾವುದು?

ಒಂದು ಹಾಳೆ ಪ್ಲೈವುಡ್, ನಾಲ್ಕೈದು ಡಬ್ಬಿ, ಬಜೆಟ್ ಕಡಿಮೆ ಎಂದಾದರೆ ಬೋಗಿಯ ಕಪ್ಲರ್ ಇರುವ ಐಸಿಎಫ್ ಇಟ್ಟುಕೊಳ್ಳಿ. ಸ್ಕ್ರೂ ಸರಿ ಮಾಡಿ, ಗಾಲಿಯ ಅಂತರ ಅಳೆಯಿರಿ, ತೂಕ ಸಮ ಮಾಡಿ. ಕೊಳ್ಳಬೇಕಾದ್ದು ಅಂಟುಪಟ್ಟಿ ಮಾತ್ರ. ಹಿಂದಕ್ಕೆ ತಳ್ಳುವ ಆಸೆ ಬಿಡಿ.

ಕೋಣೆಯ ಸುತ್ತ ಹಳಿ, 750 ಮಿ.ಮೀ. ಮೇಲಿನ ತಿರುವು, ಹತ್ತು ಡಬ್ಬಿಯ ರೇಕ್ ಎಂದಾದರೆ ಹಣ ಮೊದಲು ಪಾಯಿಂಟ್‌ಗಳಿಗೆ, ಆಮೇಲೆ ಒಡಲಿನ ಕಪ್ಲರ್‌ಗೆ, ಕೊನೆಗೆ ಗಾಲಿಗೆ ಹೋಗಲಿ. ಏರು ಇದ್ದರೆ ಗಾಲಿಯನ್ನು ಎರಡನೆಯ ಸ್ಥಾನಕ್ಕೆ ತನ್ನಿ.

ಯುರೋಪಿನ ರೇಕ್ ಇದ್ದವರು ಕಪ್ಲರ್ ಮುಟ್ಟಬೇಡಿ. ಎಲ್ಲ ಡಬ್ಬಿಗೂ ಒಂದೇ ಕಂಪನಿಯ ತಲೆ ಇದೆಯೇ ನೋಡಿ, ಜಾರುಕೀಲಿನ ಸ್ಪ್ರಿಂಗ್ ಅದನ್ನು ನಡುವಿಗೆ ವಾಪಸು ತರುತ್ತಿದೆಯೇ ನೋಡಿ, ಉಳಿದ ಹಣ ತಿರುವಿಗೆ ಹಾಕಿ.

ಯಾವ ಗುಂಪಿನವರಾದರೂ ಎಲ್ಲ ಡಬ್ಬಿಗೂ ಸಾಮಾನು ಒಟ್ಟಿಗೆ ತರಿಸಬೇಡಿ. ಎರಡು ಡಬ್ಬಿಗೆ ಮಾಡಿ, ಅವನ್ನು ರೇಕ್‌ನಲ್ಲಿ ಎಂಜಿನ್ ಹಿಂದೆಯೇ ಕಟ್ಟಿ, ನಿಮ್ಮ ಅತಿ ಕೆಟ್ಟ ಜಾಗದಲ್ಲಿ ಹತ್ತು ಸಲ ಎಳೆಯಿರಿ. ತಳ್ಳುವ ಅಗತ್ಯ ಇದ್ದವರು ಹತ್ತು ಸಲ ನಿಧಾನಕ್ಕೆ ಹಿಂದಕ್ಕೂ ತಳ್ಳಿ. ಇಪ್ಪತ್ತರಲ್ಲಿ ಒಂದು ಸಲ ಬಿದ್ದರೂ ಸೀಮೆಸುಣ್ಣ ಮತ್ತೆ ಕೈಗೆ ತೆಗೆದುಕೊಳ್ಳಿ.